ಮನೆಯಂಗಳದಲ್ಲೇ ಕಾರು ಎತ್ತುವ ಲಿಫ್ಟ್: ವಿಡಿಯೊ ನೋಡಿ ಮಾಡಿಕೊಳ್ಳಬಹುದೇ?

“ನಾಲ್ಕು ಆ್ಯಂಗಲ್ ಕಬ್ಬಿಣ, ಒಂದು ಬಾಟಲ್ ಜಾಕ್, ಒಂದಿಷ್ಟು ವೆಲ್ಡಿಂಗ್. ಎರಡೇ ನಿಮಿಷದಲ್ಲಿ ಕಾರು ಮೇಲಕ್ಕೆ!” ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಗ್ಯಾರೇಜಿನ ದೊಡ್ಡ ಲಿಫ್ಟ್ ಬೇಕಿಲ್ಲ, ಮಡಚಿಡಬಹುದಾದ ಲಿಫ್ಟನ್ನು ಮನೆಯಲ್ಲೇ ಮಾಡಿಕೊಳ್ಳಿ ಎನ್ನುವುದು ಅದರ ಸಂದೇಶ.

ಕೊಡಗಿನ ಮಾದಾಪುರದಂಥ ಊರಿನಲ್ಲಿ ಇದು ಬೇಗ ಮನಸ್ಸು ಸೆಳೆಯುತ್ತದೆ. ತೋಟದ ಮನೆಯಲ್ಲಿ ಜೀಪೋ ಪಿಕಪ್ಪೋ ಇರುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಗಾಡಿಯ ಅಡಿಗೆಲ್ಲ ಕೆಸರು ಮೆತ್ತಿ, ಸೈಲೆನ್ಸರ್ ತುಕ್ಕು ಹಿಡಿದಿರುತ್ತದೆ. ಸಣ್ಣ ಕೆಲಸಕ್ಕೆ ಗ್ಯಾರೇಜಿಗೆ ಹೋದರೆ ಅರ್ಧ ದಿನ ಹೋಯಿತು. ಆದರೆ ವಿಡಿಯೊದಲ್ಲಿ ಕಾರು ನಿಂತಿರುವುದು ಸಮತಟ್ಟಾದ ಕಾಂಕ್ರೀಟ್ ಮೇಲೆ. ನಮ್ಮ ಅಂಗಳ ಇಳಿಜಾರು, ಅದೂ ಮಣ್ಣು.

ಚಿಕ್ಕದಾಗಿ ಹೇಳುವುದಾದರೆ: ಕಾರನ್ನು ಎತ್ತುವುದು ಸುಲಭ, ಎತ್ತಿದ್ದನ್ನು ಹಿಡಿದಿಡುವುದು ಕಷ್ಟ. ವಿಡಿಯೊ ತೋರಿಸುವುದು ಮೊದಲನೆಯದನ್ನು ಮಾತ್ರ. ಜೀವ ನಿಂತಿರುವುದು ಎರಡನೆಯದರ ಮೇಲೆ.

ಎತ್ತುವುದು ಏಕೆ ಅಷ್ಟು ಸುಲಭ?

ಬಾಟಲ್ ಜಾಕ್‌ನ ಒಳಗಿರುವುದು ಎಣ್ಣೆ. ಒಂದು ಕಡೆ ಸಣ್ಣ ಪಿಸ್ಟನ್, ಇನ್ನೊಂದು ಕಡೆ ದೊಡ್ಡದು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 17ನೇ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ವಿವರಿಸಿದ ನಿಯಮ ಇದು. ದೊಡ್ಡ ಪಿಸ್ಟನ್ನಿನ ವಿಸ್ತೀರ್ಣ ಸಣ್ಣದರ ಹತ್ತು ಪಟ್ಟಿದ್ದರೆ ಬಲವೂ ಹತ್ತು ಪಟ್ಟು. ಅದಕ್ಕೆ ಸನ್ನೆಗೋಲಿನಂತೆ ಹಿಡಿಕೆ ಸೇರಿದರೆ, ಒಂದು ಕೈಯಲ್ಲೇ ಕಾರಿನ ಒಂದು ಮೂಲೆ ಮೇಲೇಳುತ್ತದೆ.

ಆದರೆ ಆ ಎಣ್ಣೆಯನ್ನು ತಡೆದು ನಿಲ್ಲಿಸಿರುವುದು ಒಂದು ರಬ್ಬರ್ ಸೀಲ್ ಮತ್ತು ಪುಟ್ಟ ವಾಲ್ವ್. ಸೀಲ್ ಸವೆದರೆ ಜಾಕ್ ಮೆಲ್ಲನೆ ಇಳಿಯಬಹುದು, ಒಮ್ಮೆಲೇ ಕುಸಿಯಲೂಬಹುದು. ಆದ್ದರಿಂದ ಯಾವ ಹೈಡ್ರಾಲಿಕ್ ಲಿಫ್ಟ್ ಆದರೂ ನಿಯಮ ಒಂದೇ: ಎಣ್ಣೆ ಎತ್ತಬೇಕು, ಕಬ್ಬಿಣ ಹಿಡಿಯಬೇಕು.

ಮಂಚದ ಕಾಲು ಮತ್ತು ಓರೆಪಟ್ಟಿ

ಮಡಚುವ ಲಿಫ್ಟ್‌ಗಳಲ್ಲಿ ಹೆಚ್ಚಿನವು ಒಂದೇ ಮಾದರಿಯವು. ಕಾರಿನ ಎರಡೂ ಬದಿಗೆ ಉದ್ದನೆಯ ಚೌಕಟ್ಟು, ಕೆಳಪಟ್ಟಿಗೂ ಮೇಲ್ಪಟ್ಟಿಗೂ ನಡುವೆ ತಿರುಗುವ ತೋಳುಗಳು. ಜಾಕ್ ದೂಡಿದಾಗ ತೋಳುಗಳು ಮಲಗಿದಲ್ಲಿಂದ ಎದ್ದು ನಿಲ್ಲುತ್ತವೆ, ಕಾರು ಮೇಲೇರುತ್ತದೆ.

ಕೀಲು ಸಡಿಲವಾದ ಹಳೆಯ ಮಂಚ ಹೇಗೆ ಒಂದು ಬದಿಗೆ ವಾಲುತ್ತದೆ, ನೆನಪಿಸಿಕೊಳ್ಳಿ. ನಾಲ್ಕು ಮೂಲೆಯ ಆಕಾರ ತಾನಾಗಿ ಗಟ್ಟಿ ನಿಲ್ಲುವುದಿಲ್ಲ, ವಾಲುತ್ತದೆ. ಅದಕ್ಕೊಂದು ಓರೆಪಟ್ಟಿ ಹೊಡೆದರೆ ತ್ರಿಕೋನಗಳಾಗುತ್ತವೆ, ಮಂಚ ಅಲುಗುವುದಿಲ್ಲ. ಲಿಫ್ಟಿನಲ್ಲೂ ಹಾಗೇ. ಎತ್ತಿದ ಮೇಲೆ ಓರೆಯಾಗಿ ಬಂದು ಕೂರುವ ಲಾಕ್ ಪಟ್ಟಿ ಇರಬೇಕು. ಜಾಕ್ ತೆಗೆದುಹಾಕಿದರೂ ಲಿಫ್ಟ್ ನಿಂತೇ ಇರಬೇಕು. ವಿಡಿಯೊದಲ್ಲಿ ಅಂಥ ಲಾಕ್ ಕಾಣದಿದ್ದರೆ ಅದು ಲಿಫ್ಟ್ ಅಲ್ಲ, ದೊಡ್ಡ ಜಾಕ್ ಅಷ್ಟೇ.

“ದಪ್ಪ ಕಬ್ಬಿಣ ಹಾಕಿದರೆ ಸಾಕು”

ಸಾಲದು. ಮೇಲಿನಿಂದ ನೇರವಾಗಿ ಬೀಳುವ ಭಾರವನ್ನು ಕಬ್ಬಿಣ ಚೆನ್ನಾಗಿಯೇ ತಾಳುತ್ತದೆ. ಸೋಲುವುದು ಸಾಮಾನ್ಯವಾಗಿ ಬೆಸುಗೆ, ಪಿನ್ನು ಮತ್ತು ಲಾಕಿನ ಹಲ್ಲು. ಅದರಲ್ಲೂ ಬಿಗಿಯಾದ ಬೋಲ್ಟ್ ಬಿಚ್ಚಲು ಸ್ಪ್ಯಾನರ್ ಜಗ್ಗಿದಾಗ ಬೀಳುವ ಅಡ್ಡ ಬಲಕ್ಕೆ. ಹೊರಗೆ ನುಣುಪಾಗಿ ಕಾಣುವ ಬೆಸುಗೆ ಒಳಗೆ ಹಿಡಿದಿದೆಯೇ ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಕಾರ್ಖಾನೆಯ ಮಾಲೂ ತಪ್ಪಿದ್ದುಂಟು. ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ 2020ರಲ್ಲಿ ತಾನು ಮಾರಿದ್ದ ಲಕ್ಷಗಟ್ಟಲೆ ಜಾಕ್ ಸ್ಟ್ಯಾಂಡ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಲಾಕಿನ ಹಲ್ಲುಗಳು ಸರಿಯಾಗಿ ಕಚ್ಚಿಕೊಳ್ಳದೆ ಸ್ಟ್ಯಾಂಡ್ ಕುಸಿಯುವ ಅಪಾಯವಿತ್ತು. ಬದಲಿಗೆ ಕೊಟ್ಟ ಕೆಲವು ಸ್ಟ್ಯಾಂಡ್‌ಗಳಲ್ಲಿ ಬೆಸುಗೆಯ ದೋಷ ಕಂಡು, ಅವನ್ನೂ ವಾಪಸ್ ಪಡೆಯಬೇಕಾಯಿತು. ದೊಡ್ಡ ಕಂಪನಿಯ ಕಥೆಯೇ ಹೀಗಾದರೆ, ಒಮ್ಮೆಯೂ ಪರೀಕ್ಷೆಯಾಗದ ಮನೆಯ ಬೆಸುಗೆಯನ್ನು ನಂಬಿ ಕಾರಿನಡಿ ಮಲಗುವುದು ಹೇಗೆ?

ನೆಲವೂ ಲಿಫ್ಟಿನ ಭಾಗ

ಒಂದು ಸಣ್ಣ ಲೆಕ್ಕ. ಜಾಕಿನ ತಳ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಎಂದುಕೊಳ್ಳಿ. ಅದರ ಮೇಲೆ 400 ಕೆ.ಜಿ. ಭಾರ ಬಿದ್ದರೆ, ಪ್ರತಿ ಚದರ ಸೆಂ.ಮೀ. ನೆಲದ ಮೇಲೆ 4 ಕೆ.ಜಿ. ನೀವು ಒಂಟಿ ಕಾಲಲ್ಲಿ ನಿಂತಾಗ ಪಾದದಡಿ ಬೀಳುವುದು ಸುಮಾರು 0.4 ಕೆ.ಜಿ. ಅಂದರೆ ಜಾಕ್ ನಿಮ್ಮ ಪಾದಕ್ಕಿಂತ ಹತ್ತು ಪಟ್ಟು ಜೋರಾಗಿ ನೆಲವನ್ನು ಒತ್ತುತ್ತದೆ. ನಿಮ್ಮ ಹೆಜ್ಜೆಯೇ ಹೂತುಹೋಗುವ ಮಣ್ಣಿನಲ್ಲಿ ಜಾಕಿನ ಗತಿ ಏನು, ಊಹಿಸಿ.

ಜಾಕಿನಡಿ 30 ಸೆಂ.ಮೀ. ಚೌಕದ ದಪ್ಪ ಹಲಗೆ ಇಟ್ಟರೆ ಒತ್ತಡ ಸುಮಾರು ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಲಗೆ ಬಾಗದಂತೆ ಕನಿಷ್ಠ 5 ಸೆಂ.ಮೀ. ದಪ್ಪವಿರಲಿ.

ಚಕ್ರವಿರುವ ಟ್ರಾಲಿ ಜಾಕ್‌ನಲ್ಲಿ ಇನ್ನೊಂದು ತೊಡಕಿದೆ. ಅದರ ತೋಳು ಕಮಾನಿನಂತೆ ಮೇಲೇರುತ್ತದೆ, ಆದ್ದರಿಂದ ಜಾಕ್ ಸ್ವಲ್ಪ ಉರುಳಲೇಬೇಕು. ಮಣ್ಣಿನಲ್ಲಿ ಚಕ್ರ ಸಿಕ್ಕಿಕೊಂಡರೆ ಅದು ಕಾರನ್ನೇ ಎಳೆಯುತ್ತದೆ, ಇಲ್ಲವೇ ಹಿಡಿದ ಜಾಗದಿಂದ ಜಾರುತ್ತದೆ.

ತೋಟದ ಮನೆಯವರಿಗೆ ಒಂದು ಅನುಕೂಲವಿದೆ: ಕಾಫಿ ಒಣಗಿಸುವ ಸಿಮೆಂಟ್ ಕಣ. ಕೊಯ್ಲಿನ ತಿಂಗಳುಗಳು ಬಿಟ್ಟರೆ ಖಾಲಿ ಇರುವ ಈ ಜಾಗ ಅಂಗಳಕ್ಕಿಂತ ಎಷ್ಟೋ ಮೇಲು. ಆದರೆ ಕಣದ ಕಾಂಕ್ರೀಟ್ ತೆಳುವಾಗಿರಬಹುದು, ನೀರು ಹರಿಯಲೆಂದು ಸ್ವಲ್ಪ ವಾಟವೂ ಇರುತ್ತದೆ. ಅಲ್ಲೂ ಹಲಗೆ ಬೇಕು, ಚಕ್ರಕ್ಕೆ ಅಡ್ಡಗಟ್ಟೆ ಬೇಕು.

“ಗೇರಲ್ಲಿದೆ, ಹ್ಯಾಂಡ್‌ಬ್ರೇಕ್ ಹಾಕಿದೆ, ಎಲ್ಲಿ ಹೋಗುತ್ತದೆ?”

12 ಅಡಿಗೆ 1 ಅಡಿ ಇಳಿಯುವ ಜಾಗದಲ್ಲಿ, 1,000 ಕೆ.ಜಿ. ಕಾರನ್ನು ಸುಮಾರು 80 ಕೆ.ಜಿ.ಯಷ್ಟು ಬಲ ಕೆಳಗೆ ಎಳೆಯುತ್ತಿರುತ್ತದೆ. ಅದನ್ನು ತಡೆಯುವುದು ಗೇರ್ ಮತ್ತು ಹ್ಯಾಂಡ್‌ಬ್ರೇಕ್. ಒಂದು ಚಕ್ರ ಎತ್ತಿದ ಕೂಡಲೇ ಈ ಲೆಕ್ಕ ಬದಲಾಗುತ್ತದೆ.

ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್, ತಿರುವಿನಲ್ಲಿ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಮುಂದಿನ ಒಂದು ಚಕ್ರ ಎತ್ತಿದರೆ, ಗಾಳಿಯಲ್ಲಿರುವ ಚಕ್ರ ಹಿಮ್ಮುಖವಾಗಿ ಸುತ್ತುತ್ತಾ, ನೆಲದಲ್ಲಿರುವ ಚಕ್ರ ಉರುಳಲು ದಾರಿ ಕೊಡುತ್ತದೆ. ಗೇರ್ ಹಾಕಿದ್ದರೂ ಹಾಕದಂತೆಯೇ. ಆಗ ಉಳಿಯುವುದು ಹಿಂದಿನ ಚಕ್ರಗಳ ಹ್ಯಾಂಡ್‌ಬ್ರೇಕ್ ಮಾತ್ರ.

ಹಳೆಯ ವಿಲ್ಲೀಸ್ ಮಾದರಿಯ ಜೀಪು ಇನ್ನೂ ಮೋಸದ್ದು. ಅದರ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಪ್ರೊಪೆಲ್ಲರ್ ಶಾಫ್ಟನ್ನು. ಟೂ-ವೀಲ್ ಡ್ರೈವ್‌ನಲ್ಲಿ ಹಿಂದಿನ ಒಂದು ಚಕ್ರ ಎತ್ತಿದರೆ ಗೇರೂ ಇಲ್ಲ, ಹ್ಯಾಂಡ್‌ಬ್ರೇಕೂ ಇಲ್ಲ. ಅಡ್ಡಗಟ್ಟೆ ಇಲ್ಲದಿದ್ದರೆ ಜೀಪು ಇಳಿಜಾರಿನತ್ತ ಹೊರಟೇಬಿಡುತ್ತದೆ.

ಕಲ್ಲು, ದಿಮ್ಮಿ, ಗಾಳಿಚೀಲ

ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬಾಗುವುದಿಲ್ಲ, ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ತೋಟದಲ್ಲಿ ಬಿದ್ದಿರುವ ಸಿಲ್ವರ್ ಓಕ್ ದಿಮ್ಮಿ ಉರುಳುತ್ತದೆ. ಸೈಲೆನ್ಸರ್ ಹೊಗೆಯಿಂದ ಉಬ್ಬುವ ಗಾಳಿಚೀಲದ ಜಾಕ್ ಕೆಸರಿನಲ್ಲಿ ಹೂತ ಗಾಡಿಯನ್ನು ಎತ್ತಲು ಉಪಯುಕ್ತ. ಆದರೆ ಕಾರು ಆಗ ಬಲೂನಿನ ಮೇಲಿರುತ್ತದೆ, ಅದರಡಿ ಕೈಯನ್ನೂ ಹಾಕಬೇಡಿ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು?

- ಲಿಫ್ಟ್ ಬೇಕೇ ಬೇಕೆಂದರೆ ಲಾಕ್ ಇರುವ, ಭಾರದ ಮಿತಿ ಬರೆದಿರುವ ಸಿದ್ಧ ಲಿಫ್ಟ್ ಕೊಳ್ಳಿ. ಬಹಳಷ್ಟು ಕೆಲಸಕ್ಕೆ ಜಾಕ್ ಮತ್ತು ಎರಡು ಸ್ಟ್ಯಾಂಡ್ ಸಾಕು.
- ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸಡಿಲಿಸಿ.
- ನೆಲದಲ್ಲಿ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ.
- ಕಾರಿನ ಕೈಪಿಡಿ ತೋರಿಸುವ ಜಾಗದಲ್ಲೇ ಜಾಕ್ ಕೊಡಿ. ಎತ್ತಿದ ಕೂಡಲೇ ಭಾರವನ್ನು ಸ್ಟ್ಯಾಂಡ್ ಮೇಲೆ ಇಳಿಸಿ.
- ಅಡಿಗೆ ಹೋಗುವ ಮೊದಲು ಕಾರನ್ನು ಕೈಯಿಂದ ಅಲುಗಿಸಿ ನೋಡಿ. ಬೀಳುವುದಿದ್ದರೆ ಈಗಲೇ ಬೀಳಲಿ.
- ಬಿಚ್ಚಿದ ಚಕ್ರ ಅಥವಾ ಸ್ಟೆಪ್ನಿಯನ್ನು ಕಾರಿನಡಿ ಮಲಗಿಸಿಡಿ. ಎಲ್ಲವೂ ಸೋತರೂ ನಿಮ್ಮ ಎದೆಗೂ ಕಾರಿಗೂ ನಡುವೆ ಒಂದಿಷ್ಟು ಜಾಗ ಉಳಿಯುತ್ತದೆ.
- ಮಳೆಯಲ್ಲಿ, ನೆನೆದ ಮಣ್ಣಿನಲ್ಲಿ, ಒಬ್ಬರೇ ಇದ್ದಾಗ ಕಾರಿನಡಿಗೆ ಹೋಗಬೇಡಿ. ಅವಘಡವಾದರೆ ತಕ್ಷಣ 108ಕ್ಕೆ ಕರೆ ಮಾಡಿ.

ಮುಂದಿನ ಸಲ ಇಂಥ ವಿಡಿಯೊ ಬಂದಾಗ ಮೂರು ಪ್ರಶ್ನೆ ಕೇಳಿ: ಲಾಕ್ ಎಲ್ಲಿದೆ? ನೆಲ ಎಂಥದ್ದು? ಚಕ್ರಕ್ಕೆ ಅಡ್ಡ ಏನಿದೆ? ಉತ್ತರ ಕಾಣದಿದ್ದರೆ ವಿಡಿಯೊವನ್ನು ಅಲ್ಲೇ ನಿಲ್ಲಿಸಿ. ಮನೆಯಲ್ಲಿ ಗಾಡಿ ರಿಪೇರಿ ಮಾಡುವವರು ನಿಮ್ಮ ಗುಂಪಿನಲ್ಲಿದ್ದರೆ, ಆ ವಿಡಿಯೊ ಬದಲು ಈ ಮೂರು ಪ್ರಶ್ನೆಗಳನ್ನು ಕಳುಹಿಸಿ.