ರೈತ ಉತ್ಪಾದಕ ಕಂಪನಿಗೆ ದುಬಾರಿ ಡೊಮೇನ್ ಹೆಸರು: ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಶೇಂಗಾ, ದಾಳಿಂಬೆ, ತೆಂಗು ಮತ್ತು ಅಡಿಕೆ ಬೆಳೆಗಾರರು ರೈತ ಉತ್ಪಾದಕ ಕಂಪನಿಗಳ ಮೂಲಕ ಗಾಣದ ಎಣ್ಣೆ, ಕೊಬ್ಬರಿ, ಹಣ್ಣು ಮೊದಲಾದವುಗಳನ್ನು ಗ್ರಾಹಕರಿಗೆ ನೇರವಾಗಿ ಮಾರಲು ಮುಂದಾದಾಗ ಸ್ವಂತ ಜಾಲತಾಣದ ಅವಶ್ಯಕತೆ ಎದುರಾಗುತ್ತದೆ. ಜಾಲತಾಣಕ್ಕೆ ಮೊದಲು ಬೇಕಾಗುವುದು ಅದರ ವಿಳಾಸ, ಅಂದರೆ ಡೊಮೇನ್ ಹೆಸರು. ಸಾಮಾನ್ಯ ಹೆಸರೊಂದಕ್ಕೆ ವರ್ಷಕ್ಕೆ ಕೆಲವು ನೂರರಿಂದ ಒಂದೂವರೆ ಸಾವಿರ ರೂಪಾಯಿಗಳವರೆಗೆ ತಗಲುತ್ತದೆ. ಆದರೆ ಬೆಳೆಯ ಹೆಸರನ್ನೋ ಊರಿನ ಹೆಸರನ್ನೋ ಟೈಪ್ ಮಾಡಿ ಹುಡುಕಿದೊಡನೆ 'ಪ್ರೀಮಿಯಂ' ಎಂಬ ಸೂಚನೆಯೊಂದಿಗೆ ಲಕ್ಷಗಳ ಬೆಲೆ ಕಾಣಿಸಿಕೊಳ್ಳುವುದುಂಟು. ಅಷ್ಟು ಹಣವನ್ನು ಒಂದು ಹೆಸರಿಗೆ ತೊಡಗಿಸುವುದು ಸೂಕ್ತವೇ ಎಂಬುದನ್ನು ನಿರ್ದೇಶಕ ಮಂಡಳಿಯು ಹೇಗೆ ನಿರ್ಧರಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರೀಮಿಯಂ ಎಂದರೇನು?

ಈ ಪದದಡಿ ಎರಡು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು, ಈಗಾಗಲೇ ಬೇರೊಬ್ಬರು ನೋಂದಾಯಿಸಿಕೊಂಡು ಹೆಚ್ಚಿನ ಬೆಲೆಗೆ ಮಾರಾಟಕ್ಕಿಟ್ಟಿರುವ ಹೆಸರು. ನಿವೇಶನ ಕೊಂಡು ಬೆಲೆ ಏರುವುದನ್ನು ಕಾಯುವವರಂತೆ ಹೆಸರುಗಳನ್ನು ಕೊಂಡಿಟ್ಟು ಕಾಯುವವರಿದ್ದಾರೆ. ಇಂತಹ '.ಕಾಂ' ಹೆಸರಿಗೆ ಒಮ್ಮೆ ದೊಡ್ಡ ಮೊತ್ತ ಕೊಟ್ಟರೆ, ನಂತರದ ವಾರ್ಷಿಕ ನವೀಕರಣ ಶುಲ್ಕವು ಇತರ '.ಕಾಂ' ಹೆಸರುಗಳಷ್ಟೇ ಇರುತ್ತದೆ. ಎರಡನೆಯದು, '.ಫಾರ್ಮ್' ಮೊದಲಾದ ಹೊಸ ವಿಸ್ತರಣೆಗಳಲ್ಲಿ ನೋಂದಣಿ ಸಂಸ್ಥೆಯೇ ಆಯ್ದು ಹೆಚ್ಚಿನ ದರ ನಿಗದಿಪಡಿಸಿರುವ ಹೆಸರು. ಇಲ್ಲಿ ನವೀಕರಣದ ದರವೂ ಪ್ರತಿವರ್ಷ ದುಬಾರಿಯಾಗಿರಬಹುದು. ಮೊದಲ ವರ್ಷದ ಬೆಲೆಯನ್ನಷ್ಟೇ ನೋಡಿ ಕೊಂಡವರು ಎರಡನೆಯ ವರ್ಷ ಕಟ್ಟಲಾಗದೆ ಹೆಸರನ್ನು ಕೈಬಿಟ್ಟರೆ, ಅಲ್ಲಿಯವರೆಗೆ ಡಬ್ಬಿ, ಚೀಲ, ಫಲಕಗಳ ಮೇಲೆ ಮುದ್ರಿಸಿದ್ದೆಲ್ಲವೂ ವ್ಯರ್ಥವಾಗುತ್ತದೆ. ಆದ್ದರಿಂದ 'ಮುಂದಿನ ವರ್ಷ ಎಷ್ಟು?' ಎಂಬ ಪ್ರಶ್ನೆಗೆ ಲಿಖಿತ ಉತ್ತರ ದೊರೆಯದೆ ಹಣ ಪಾವತಿಸಬಾರದು.

ಲೆಕ್ಕ ಹಾಕುವ ಬಗೆ

ಉದಾಹರಣೆಗಾಗಿ, ಹಿರಿಯೂರು ತಾಲ್ಲೂಕಿನ ಕಂಪನಿಯೊಂದು ಗಾಣದ ಶೇಂಗಾ ಎಣ್ಣೆ ಮಾರಲು 2,50,000 ರೂಪಾಯಿ ಬೆಲೆಯ ಹೆಸರೊಂದನ್ನು ಕೊಳ್ಳಲು ಯೋಚಿಸುತ್ತಿದೆ ಎಂದುಕೊಳ್ಳೋಣ. ಎಲ್ಲ ಖರ್ಚು ಕಳೆದು ಲೀಟರಿಗೆ 25 ರೂಪಾಯಿ ಉಳಿಯುತ್ತದೆಂದು ಭಾವಿಸಿದರೆ, ಹೆಸರಿಗೆ ಕೊಟ್ಟ ಹಣ ಮರಳಲು 10,000 ಲೀಟರ್ ಎಣ್ಣೆ ಮಾರಾಟವಾಗಬೇಕು. ಇದು ಈಗ ಮಾರುತ್ತಿರುವ ಎಣ್ಣೆಯಲ್ಲ. ಆ ಹೆಸರಿನ ಕಾರಣದಿಂದ ಮಾತ್ರ ಹೆಚ್ಚುವರಿಯಾಗಿ ಮಾರಾಟವಾಗಬೇಕಾದ ಎಣ್ಣೆ. ಲೀಟರಿಗೆ ಎರಡೂವರೆ ಕಿಲೋಗ್ರಾಂ ಬೀಜ ಎಂದು ಹಿಡಿದರೆ 250 ಕ್ವಿಂಟಲ್ ಬೀಜ ಬೇಕು. ಕಾಯಿಯಿಂದ ಶೇ. 70ರಷ್ಟು ಬೀಜ ದೊರೆಯುವುದೆಂದು ಲೆಕ್ಕ ಹಾಕಿದರೆ ಕಾಯಿಯ ಪ್ರಮಾಣ 350 ಕ್ವಿಂಟಲ್ ಮೀರುತ್ತದೆ. ಮಳೆಯಾಶ್ರಿತ ಶೇಂಗಾದ ಇಳುವರಿ ಒಂದು ವರ್ಷ ಕೈಹಿಡಿದು ಮರುವರ್ಷ ಕೈಕೊಡುವ ಈ ಭಾಗದಲ್ಲಿ ಅಷ್ಟು ಕಾಯಿಯನ್ನು ಹೊಂದಿಸುವುದೇ ಪ್ರತ್ಯೇಕ ಸವಾಲು. ಇದೇ ಹಣವನ್ನು ಶೇ. 10ರ ಬಡ್ಡಿಯಲ್ಲಿ ಸಾಲ ತಂದಿದ್ದರೆ ವರ್ಷಕ್ಕೆ 25,000 ರೂಪಾಯಿ ಬಡ್ಡಿಯೂ ಸೇರುತ್ತದೆ.

ಮತ್ತೊಂದು ರೀತಿಯಲ್ಲಿಯೂ ನೋಡಬಹುದು. 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಡಿ ಪ್ರತಿ ಸದಸ್ಯರಿಗೆ ಗರಿಷ್ಠ 2,000 ರೂಪಾಯಿಯಂತೆ, ಒಂದು ಸಂಸ್ಥೆಗೆ ಗರಿಷ್ಠ 15 ಲಕ್ಷ ರೂಪಾಯಿವರೆಗೆ ಸಮಪಾಲು ಷೇರು ಅನುದಾನ ದೊರೆಯುತ್ತದೆ. ನಿರ್ವಹಣಾ ವೆಚ್ಚಕ್ಕೆ ಮೂರು ವರ್ಷಗಳಲ್ಲಿ ಒಟ್ಟು 18 ಲಕ್ಷ ರೂಪಾಯಿ ಮಿತಿಯಿದೆ. ಸದಸ್ಯರೊಬ್ಬರ ಷೇರು 2,000 ರೂಪಾಯಿ ಎಂದಾದರೆ, ಮೇಲಿನ ಉದಾಹರಣೆಯ ಹೆಸರಿಗೆ 125 ಸದಸ್ಯರ ಷೇರು ಹಣ ಹೋಗುತ್ತದೆ. ಬಯಲು ಸೀಮೆಯಲ್ಲಿ 300 ಸದಸ್ಯರಿಂದ ಆರಂಭವಾಗುವ ಕಂಪನಿಯಲ್ಲಿ ಇದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಇಷ್ಟು ದೊಡ್ಡ ತೀರ್ಮಾನವನ್ನು ಸಿಇಒ ಒಬ್ಬರೇ ಫೋನಿನಲ್ಲಿ ಮಾತನಾಡಿ ಮುಗಿಸುವುದು ಸರಿಯಲ್ಲ. ಮಂಡಳಿಯ ಠರಾವು ಆಗಬೇಕು.

ಅಡಿಕೆ, ಕೊಬ್ಬರಿ ಅಥವಾ ಸಿಪ್ಪೆಸಹಿತ ಶೇಂಗಾವನ್ನು ಸಗಟಾಗಿ ಮಾರುವ ಕಂಪನಿಗೆ ಈ ಲೆಕ್ಕದ ಅಗತ್ಯವೇ ಇಲ್ಲ. ಅಲ್ಲಿ ಖರೀದಿದಾರರು ತೇವಾಂಶ, ದರ್ಜೆ ಮತ್ತು ದರ ನೋಡುತ್ತಾರೆಯೇ ಹೊರತು ಜಾಲತಾಣದ ಹೆಸರನ್ನಲ್ಲ. ಇ-ನಾಮ್, ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಹಾಗೂ ಓಎನ್‌ಡಿಸಿ ಜಾಲಗಳಲ್ಲಿ ವ್ಯವಹರಿಸಲು ಸ್ವಂತ ಡೊಮೇನ್ ಬೇಕಾಗಿಲ್ಲ.

ಬೆಳೆಯ ಹೆಸರೇ ಬೇಕೆ?

ಹೊಳಲ್ಕೆರೆ ಹಾಗೂ ಭೀಮಸಮುದ್ರ ಭಾಗದ ಅಡಿಕೆ ಬೆಳೆಗಾರರಿಗೆ ಕ್ಯಾಂಪ್ಕೋ, ಮ್ಯಾಮ್ಕೋಸ್, ತುಮ್ಕೋಸ್ ಎಂಬ ಹೆಸರುಗಳನ್ನು ಪರಿಚಯಿಸಬೇಕಾಗಿಲ್ಲ. ಇವುಗಳಲ್ಲಿ ಯಾವುದೂ ನಿಘಂಟಿನ ಪದವಲ್ಲ, ಯಾವುದರಲ್ಲಿಯೂ 'ಅಡಿಕೆ' ಎಂಬ ಪದ ಕಾಣಿಸುವುದಿಲ್ಲ. ಸಂಸ್ಥೆಯ ಉದ್ದನೆಯ ಹೆಸರಿನಿಂದ ಅಕ್ಷರಗಳನ್ನು ಆಯ್ದು ಕೂಡಿಸಿದ ಈ ಪದಗಳು ದಶಕಗಳ ವ್ಯವಹಾರದಿಂದ ಮನೆಮಾತಾದವು. ಕರ್ನಾಟಕ ಹಾಲು ಮಹಾಮಂಡಳದ ಜಾಲತಾಣದ ವಿಳಾಸವೂ ಹಾಲು ಎಂಬ ಪದವನ್ನು ಅವಲಂಬಿಸಿಲ್ಲ. 'ಕೆಎಂಎಫ್' ಮತ್ತು 'ನಂದಿನಿ' ಎರಡನ್ನೂ ಜೋಡಿಸಿ, ಸಹಕಾರ ಸಂಸ್ಥೆಗಳಿಗೆ ಮೀಸಲಾದ '.ಕೋಆಪ್' ವಿಸ್ತರಣೆಯನ್ನು ಅದು ಬಳಸುತ್ತಿದೆ.

ಇದಕ್ಕೆ ಪ್ರತಿಯಾಗಿ 2019ರಲ್ಲಿ 'ವಾಯ್ಸ್' ಎಂಬ ಒಂದೇ ಪದದ '.ಕಾಂ' ಹೆಸರು 3 ಕೋಟಿ ಡಾಲರಿಗೆ ಮಾರಾಟವಾಯಿತು. ಹೆಸರು ಎಷ್ಟೇ ಚೆನ್ನಾಗಿದ್ದರೂ ಅದರಡಿ ಆರಂಭಿಸಿದ ಸೇವೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಬೆಳೆ ಅಥವಾ ಊರಿನ ಹೆಸರಿಗೆ ಇನ್ನೊಂದು ತೊಡಕಿದೆ. 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸರಕಿನ ಬಗೆಯನ್ನೋ ಅದು ಬಂದ ಸ್ಥಳವನ್ನೋ ಮಾತ್ರ ಸೂಚಿಸುವ ಪದಗಳಿಗೆ ಸಾಮಾನ್ಯವಾಗಿ ನೋಂದಣಿ ದೊರೆಯುವುದಿಲ್ಲ. ಆದ್ದರಿಂದ 'ಹೊಸದುರ್ಗ ದಾಳಿಂಬೆ' ಎಂಬ ಹೆಸರಿಗೆ ಲಕ್ಷ ಕೊಟ್ಟರೂ, ಪಕ್ಕದವರು ನಡುವೆ ಒಂದು ಅಡ್ಡಗೆರೆ ಸೇರಿಸಿ ಅಂಥದೇ ವಿಳಾಸವನ್ನು ಕಡಿಮೆ ಹಣಕ್ಕೆ ಪಡೆಯುವುದನ್ನು ತಡೆಯುವುದು ಕಷ್ಟ.

ಕಾಗುಣಿತದ ಸಮಸ್ಯೆ

ನಮ್ಮ ಊರುಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕ್ರಮ ಒಂದೇ ಆಗಿಲ್ಲ. ಚಿತ್ರದುರ್ಗದ 'ತ್ರ'ಕಾರಕ್ಕೆ ಕೆಲವರು 'ಎಚ್' ಸೇರಿಸುತ್ತಾರೆ, ಕೆಲವರು ಕೊನೆಯ 'ಎ' ಬಿಡುತ್ತಾರೆ. ಬ್ರಿಟಿಷರ ಕಾಲದ ದಾಖಲೆಗಳಲ್ಲಂತೂ ಅದು 'ಚಿತಲ್‌ಡ್ರೂಗ್'. ಹಿರಿಯೂರಿನ ಕೊನೆಗೆ 'ಯು' ಬೇಕೇ ಬೇಡವೇ ಎಂಬ ಗೊಂದಲವಿದೆ. ಹೊಸದುರ್ಗದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಕಾಸರಗೋಡು ಜಿಲ್ಲೆಯಲ್ಲಿ ಕಾಞಂಗಾಡಿನ ಬಳಿ ಹೊಸದುರ್ಗ ಎಂಬ ಇನ್ನೊಂದು ಊರಿದ್ದು, ಇಂಗ್ಲಿಷಿನಲ್ಲಿ ನಡುವಿನ 'ಎ' ಮತ್ತು ಕೊನೆಯ 'ಎ' ಇಲ್ಲದ ರೂಪ ಹೆಚ್ಚಾಗಿ ಆ ಊರಿಗೆ ಬಳಕೆಯಾಗುತ್ತದೆ. ಅಡಿಕೆ, ಅಡಕೆ, ಸುಪಾರಿ ಎಂಬ ಪದಗಳ ಗೊಂದಲವೂ ಇದರ ಜೊತೆಗಿದೆ.

ಹೀಗಾಗಿ ಹೆಸರನ್ನು ಅಂತಿಮಗೊಳಿಸುವ ಮೊದಲು ಒಂದು ಸರಳ ಪರೀಕ್ಷೆ ಮಾಡಬಹುದು. ಹತ್ತು ಜನ ಸದಸ್ಯರಿಗೆ ಫೋನ್ ಮಾಡಿ, ಹೆಸರನ್ನು ಒಮ್ಮೆ ಮಾತ್ರ ಹೇಳಿ, ಕೇಳಿದಂತೆ ಟೈಪ್ ಮಾಡಿ ಕಳುಹಿಸಲು ತಿಳಿಸಬೇಕು. ನಾಲ್ಕು ಬಗೆಯ ಕಾಗುಣಿತ ಬಂದರೆ ಆ ಹೆಸರು ದುಬಾರಿಯಾಗಿದ್ದರೂ ಉಪಯುಕ್ತವಲ್ಲ. ಡಬ್ಬಿಯ ಮೇಲೆ ಕ್ಯೂಆರ್ ಸಂಕೇತ ಮುದ್ರಿಸಿದಲ್ಲಿ ಗ್ರಾಹಕರು ವಿಳಾಸವನ್ನು ಟೈಪ್ ಮಾಡುವ ಪ್ರಮೇಯವೇ ಬಹಳ ಮಟ್ಟಿಗೆ ತಪ್ಪುತ್ತದೆ ಎಂಬುದನ್ನೂ ಗಮನಿಸಬೇಕು. ಕನ್ನಡ ಲಿಪಿಯಲ್ಲಿಯೇ '.ಭಾರತ' ವಿಸ್ತರಣೆಯೂ ಲಭ್ಯವಿದೆ. ಇದನ್ನು ಎರಡನೆಯ ವಿಳಾಸವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಎಲ್ಲ ಇ-ಮೇಲ್ ಸೇವೆಗಳೂ ಕನ್ನಡ ವಿಳಾಸವನ್ನು ಸ್ವೀಕರಿಸದಿರುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಮೊದಲು ವ್ಯಾಪಾರ ಚಿಹ್ನೆ, ನಂತರ ಡೊಮೇನ್

ಕಂಪನಿ ನೋಂದಣಿಯಾದ ಮಾತ್ರಕ್ಕೆ ಡೊಮೇನ್ ಮೇಲೆ ಹಕ್ಕು ಬರುವುದಿಲ್ಲ. ಡೊಮೇನ್ ಕೊಂಡ ಮಾತ್ರಕ್ಕೆ ಆ ಹೆಸರಿನಲ್ಲಿ ವ್ಯಾಪಾರ ಮಾಡುವ ಹಕ್ಕೂ ಬರುವುದಿಲ್ಲ. 2021ರಲ್ಲಿ ಬೆಂಗಳೂರಿನ ಬಿಗ್‌ಬ್ಯಾಸ್ಕೆಟ್ ಕಂಪನಿಯು ಕೊಯಮತ್ತೂರಿನ ಡೈಲಿ ಬ್ಯಾಸ್ಕೆಟ್ ಎಂಬ ಸಣ್ಣ ಸಂಸ್ಥೆಗೆ ಹೆಸರಿನ ಹೋಲಿಕೆಯ ಕಾರಣ ನೋಟಿಸ್ ನೀಡಿತ್ತು. ಆದ್ದರಿಂದ ವ್ಯಾಪಾರ ಚಿಹ್ನೆಗಳ ದಾಖಲೆಯಲ್ಲಿ ಹುಡುಕಿ ನೋಡದೆ ದೊಡ್ಡ ಮೊತ್ತ ತೆರಬಾರದು. ಖಾದ್ಯ ತೈಲ 29ನೇ ವರ್ಗದಲ್ಲಿಯೂ ತಾಜಾ ಹಣ್ಣು ಹಾಗೂ ಸಂಸ್ಕರಿಸದ ಉತ್ಪನ್ನಗಳು 31ನೇ ವರ್ಗದಲ್ಲಿಯೂ ಬರುತ್ತವೆ. ಆನ್‌ಲೈನ್ ಅರ್ಜಿಗೆ ಪ್ರತಿ ವರ್ಗಕ್ಕೆ ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳಿಗೆ 4,500 ರೂಪಾಯಿ, ಇತರರಿಗೆ 9,000 ರೂಪಾಯಿ ಶುಲ್ಕವಿದೆ.

ಸ್ವಂತ ಚಿಹ್ನೆ ಇದ್ದವರಿಗೆ ಕಾನೂನಿನ ದಾರಿಯೂ ತೆರೆದಿರುತ್ತದೆ. ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆಯೇ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ತೀರ್ಪಿತ್ತಿದೆ. '.ಇನ್' ಹೆಸರುಗಳ ವ್ಯಾಜ್ಯಗಳಿಗೆ ನಿಕ್ಸಿ ಸಂಸ್ಥೆಯ ಅಡಿಯಲ್ಲಿ ಮಧ್ಯಸ್ಥಿಕೆ ವ್ಯವಸ್ಥೆಯಿದೆ. ಅಲ್ಲಿ ಹೆಸರು ತಮ್ಮ ಚಿಹ್ನೆಯನ್ನು ಹೋಲುತ್ತದೆ, ಎದುರು ಪಕ್ಷದವರಿಗೆ ನ್ಯಾಯಸಮ್ಮತ ಆಸಕ್ತಿಯಿಲ್ಲ ಮತ್ತು ಅವರ ಉದ್ದೇಶ ಕೆಟ್ಟದ್ದು ಎಂಬ ಮೂರನ್ನೂ ತೋರಿಸಬೇಕಾಗುತ್ತದೆ. ಕೇವಲ ಬೆಳೆಯ ಹೆಸರಿಗಾಗಿ ಈ ದಾರಿ ಹಿಡಿದು ಪ್ರಯೋಜನವಿಲ್ಲ.

ಕೊಳ್ಳುವುದು ಸಮಂಜಸವಾಗುವ ಸಂದರ್ಭ

ಕಂಪನಿಯ ಬ್ರ್ಯಾಂಡ್ ಈಗಾಗಲೇ ಎರಡು ಮೂರು ವರ್ಷ ಚಿಲ್ಲರೆ ಮಾರುಕಟ್ಟೆಯಲ್ಲಿ ನಡೆದಿದ್ದು, ಅದೇ ಹೆಸರಿನ '.ಕಾಂ' ಅಥವಾ '.ಇನ್' ಬೇರೆಯವರ ಬಳಿ ಇರುವುದರಿಂದ ಗ್ರಾಹಕರ ಆದೇಶಗಳೋ ಪತ್ರಗಳೋ ದಾರಿ ತಪ್ಪುತ್ತಿದ್ದರೆ, ಹಣ ಕೊಟ್ಟು ಪಡೆಯುವುದರಲ್ಲಿ ಅರ್ಥವಿದೆ. ದಾಳಿಂಬೆ ರಫ್ತು ಮಾಡುವ, ಹೊರದೇಶದ ಖರೀದಿದಾರರೊಂದಿಗೆ ಇ-ಮೇಲ್ ಮೂಲಕವೇ ವ್ಯವಹರಿಸುವ ಕಂಪನಿಗೂ ಇದು ಅನ್ವಯಿಸಬಹುದು. ಇನ್ನೂ ಸರಕು ಸಿದ್ಧವಾಗಿಲ್ಲದ ಕಂಪನಿಗೆ ಮಾತ್ರ ನಮ್ಮ ಸಲಹೆ ಸ್ಪಷ್ಟವಾಗಿದೆ: ತಮ್ಮದೇ ಆದ ಪದವೊಂದನ್ನು ಕಟ್ಟಿಕೊಂಡು ಸಾಮಾನ್ಯ ದರದಲ್ಲಿ '.ಇನ್' ಮತ್ತು '.ಕಾಂ' ಎರಡನ್ನೂ ನೋಂದಾಯಿಸಿಕೊಳ್ಳುವುದು.

ಕೊಳ್ಳಲು ನಿರ್ಧರಿಸಿದಲ್ಲಿ ಮಂಡಳಿಯು ಗರಿಷ್ಠ ಮೊತ್ತವನ್ನು ಮೊದಲೇ ಠರಾವಿನಲ್ಲಿ ಬರೆದಿಡಬೇಕು. ತೋರಿಸಿದ ಬೆಲೆ ಅಂತಿಮವಲ್ಲ. ಜಾನುವಾರು ಸಂತೆಯಲ್ಲಿರುವಂತೆ ಇಲ್ಲಿಯೂ ಚೌಕಾಸಿ ಉಂಟು. ಹಿಂದೆ ಆ ವಿಳಾಸದಲ್ಲಿ ಜೂಜಾಟ ಅಥವಾ ವಂಚನೆಯ ತಾಣವಿತ್ತೇ ಎಂಬುದನ್ನು ಹಳೆಯ ಜಾಲಪುಟಗಳನ್ನು ಸಂಗ್ರಹಿಸಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ನೋಡಬೇಕು. ಹಣವನ್ನು ನೇರವಾಗಿ ಅಪರಿಚಿತರ ಖಾತೆಗೆ ಹಾಕದೆ, ಹೆಸರು ವರ್ಗಾವಣೆಯಾಗುವವರೆಗೆ ಹಣ ಹಿಡಿದಿಡುವ ಎಸ್ಕ್ರೋ ಸೇವೆಯ ಮೂಲಕವೇ ಪಾವತಿಸಬೇಕು. ಮಾರಾಟಗಾರರು ಹೊರದೇಶದವರಾದರೆ ತೆರಿಗೆಯ ಬಗ್ಗೆ ಲೆಕ್ಕ ಪರಿಶೋಧಕರನ್ನು ಮೊದಲೇ ಕೇಳಬೇಕು.

'ನಿಮ್ಮ ಹೆಸರನ್ನು ವಿದೇಶಿ ಕಂಪನಿಯೊಂದು ನೋಂದಾಯಿಸಲಿದೆ, ಇಂದೇ ಹಣ ಕಟ್ಟಿ ಕಾಯ್ದಿರಿಸಿ' ಎಂಬ ಇ-ಮೇಲ್‌ಗಳು ಬರುತ್ತವೆ. 'ನಿಮ್ಮ ಡೊಮೇನ್ ಕೊಳ್ಳುತ್ತೇವೆ, ಮೊದಲು ಮೌಲ್ಯಮಾಪನ ಪ್ರಮಾಣಪತ್ರಕ್ಕೆ ಶುಲ್ಕ ಕಟ್ಟಿ' ಎಂಬುವೂ ಬರುತ್ತವೆ. ಎರಡೂ ಹಳೆಯ ವಂಚನೆಗಳು, ಉತ್ತರಿಸಬೇಕಾಗಿಲ್ಲ.

ಹೆಸರು ಯಾರ ಹೆಸರಿನಲ್ಲಿದೆ?

ಬೆಲೆಗಿಂತಲೂ ಹೆಚ್ಚಿನ ನಷ್ಟ ಉಂಟಾಗುವುದು ಇಲ್ಲಿ. ಜಾಲತಾಣ ರೂಪಿಸಿಕೊಡುವವರು ತಮ್ಮದೇ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆ ನೀಡಿ ಡೊಮೇನ್ ನೋಂದಾಯಿಸಿಬಿಟ್ಟರೆ, ದಾಖಲೆಯ ಪ್ರಕಾರ ಅದು ಅವರದೇ ಸ್ವತ್ತು. ಸಿಇಒ ಅವರ ಸ್ವಂತ ಇ-ಮೇಲ್‌ನಲ್ಲಿದ್ದರೆ, ಅವರು ಕೆಲಸ ಬಿಟ್ಟ ದಿನವೇ ನವೀಕರಣದ ಸೂಚನೆಗಳು ಕಂಪನಿಗೆ ತಲುಪುವುದು ನಿಲ್ಲುತ್ತದೆ. '.ಕಾಂ' ಹೆಸರಿನ ಅವಧಿ ಮುಗಿದ ಮೇಲೆ ಗರಿಷ್ಠ 45 ದಿನಗಳ ರಿಯಾಯಿತಿ, ಅದರ ನಂತರ ಹೆಚ್ಚಿನ ಶುಲ್ಕದೊಂದಿಗೆ ಮರಳಿ ಪಡೆಯಲು 30 ದಿನ, ಆಮೇಲೆ 5 ದಿನಗಳಲ್ಲಿ ಹೆಸರು ಯಾರಿಗಾದರೂ ಸಿಗುವಂತೆ ಬಿಡುಗಡೆಯಾಗುತ್ತದೆ. ರಿಯಾಯಿತಿಯ ಅವಧಿಯಲ್ಲಿಯೇ ಹೆಸರನ್ನು ಹರಾಜಿಗಿಡುವ ಮಾರಾಟ ಸಂಸ್ಥೆಗಳೂ ಇರುವುದರಿಂದ ಈ ದಿನಗಳನ್ನು ನೆಚ್ಚಿ ಕುಳಿತುಕೊಳ್ಳುವಂತಿಲ್ಲ.

ವಿಸ್ತರಣಾ ಕಾರ್ಯಕರ್ತರು ಕಂಪನಿಗಳಿಗೆ ಭೇಟಿ ನೀಡಿದಾಗ ಷೇರು ವಹಿ, ದಾಸ್ತಾನು ವಹಿಗಳೊಂದಿಗೆ ಡೊಮೇನ್ ನೋಂದಣಿಯ ರಶೀದಿಯನ್ನೂ ಕೇಳಿ ನೋಡಬೇಕು. ನೋಂದಣಿದಾರರ ಹೆಸರಿನ ಜಾಗದಲ್ಲಿ ಕಂಪನಿಯ ಪೂರ್ಣ ಹೆಸರು, ಸಂಪರ್ಕಕ್ಕೆ ಕಂಪನಿಯ ಇ-ಮೇಲ್, ಮುಕ್ತಾಯದ ದಿನಾಂಕ ಮತ್ತು ಪಾಸ್‌ವರ್ಡ್ ಬಲ್ಲ ಇಬ್ಬರು ನಿರ್ದೇಶಕರ ಹೆಸರು ದಾಖಲೆಯಲ್ಲಿರಬೇಕು. ಒಮ್ಮೆಗೆ 10 ವರ್ಷಗಳವರೆಗೆ ನೋಂದಾಯಿಸಿಕೊಳ್ಳಲು ಅವಕಾಶವಿದೆ; ಸಾಮಾನ್ಯ ದರದ ಹೆಸರಾದರೆ ಐದು ವರ್ಷಗಳ ಶುಲ್ಕವನ್ನು ಒಟ್ಟಿಗೆ ಕಟ್ಟಿಬಿಡುವುದು ಅನುಕೂಲಕರ.