ಬೆದೆ ತಪ್ಪಿದ ಹಸು

ಬಸವನಗುಡಿ, ಚಾಮರಾಜಪೇಟೆಗಳ ಮನೆಗಳಲ್ಲಿ ಕೊಟ್ಟಿಗೆ ಈಗ ಅಪರೂಪ; ಆದರೂ ಹಸು ಕಟ್ಟಿ ಜೀವನ ನಡೆಸುವವರು ಇಂದಿಗೂ ಉಂಟು. ಹಿಂಡಿಯ ಬೆಲೆ ಅವರಿಗೆ ಕಣ್ಣಿಗೆ ಕಾಣುವ ಖರ್ಚು. ಗಬ್ಬ ನಿಲ್ಲದೆ ಕಳೆದ ತಿಂಗಳುಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಗಬ್ಬವಿಲ್ಲದ ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆ ನಿಲ್ಲುವುದು ಸಾಮಾನ್ಯವಾಗಿ ಒಂದು ದಿನಕ್ಕಿಂತ ಕಡಮೆ ಹೊತ್ತು. ಮಂದೆಯಲ್ಲಾದರೆ ಒಂದು ಇನ್ನೊಂದನ್ನು ಹತ್ತಿ ಗುಟ್ಟು ರಟ್ಟು ಮಾಡುತ್ತದೆ. ಗೂಟಕ್ಕೆ ಕಟ್ಟಿದ ಒಂಟಿ ಹಸುವಿಗೆ ಆ ಸಾಕ್ಷಿಯಿಲ್ಲ. ನೀವೇ ನೋಡಬೇಕು: ಕಾರಣವಿಲ್ಲದ ಕೂಗು, ಹಾಲಿನ ಇಳಿತ, ಗಾಜಿನಂತೆ ತಿಳಿಯಾದ ಲೋಳೆ. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ತಪ್ಪಿದರೆ ಮೂರು ವಾರದ ಮೇವು ದಂಡ.

ಬೆದೆಯೇ ಕಾಣದಿದ್ದರೆ? ಮೊದಲು ಹಸುವಿನ ಪಕ್ಕೆಲುಬು ನೋಡಿ. ಕರು ಹಾಕಿದ ಹೊಸತರಲ್ಲಿ ಹಾಲು ಏರಿದಷ್ಟು ಬೇಗ ಹಸಿವು ಏರದು. ಹಸು ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ. ಬಡಕಲಾದ ಮೈಗೆ ಬೆದೆ ತಡ. ಆಗ ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣ ಬೇಕು. ಕಲ್ಯಾಣಮಂಟಪದ ಮಿಕ್ಕ ಅನ್ನ ಬಿಟ್ಟಿ ಸಿಕ್ಕಿತೆಂದು ಬಕೆಟ್ಟುಗಟ್ಟಲೆ ಸುರಿಯಬೇಡಿ. ಅದು ಹೊಟ್ಟೆಯಲ್ಲಿ ಹುಳಿತು ಮೆಲುಕೇ ನಿಂತೀತು, ಜೀವಕ್ಕೂ ಅಪಾಯ.

ಗಬ್ಬದ ಹಸುವನ್ನು ಕರು ಹಾಕುವುದಕ್ಕೆ ಎರಡು ತಿಂಗಳು ಮುಂಚೆ ಹಿಂಡುವುದು ನಿಲ್ಲಿಸಿ. ಕೆಚ್ಚಲು ಮುಂದಿನ ಸೂಲಿಗೆ ಸಿದ್ಧವಾಗುವುದು ಆಗಲೇ.

ಇದನ್ನೆಲ್ಲ ಕೇಳಿ ಕಲಿಯಲು ಮುಜುಗರ ಬೇಡ. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿನಲ್ಲಿದ್ದ ಗಾಂಧೀಜಿಯೇ ಇಲ್ಲಿಯ ಇಂಪೀರಿಯಲ್ ಹೈನು ಸಂಸ್ಥೆಗೆ ಹೋಗಿ ಹಸು ಸಾಕಣೆ ಕಲಿತರು. ಸಂಸ್ಥೆಯ ಕೇಂದ್ರ 1955ರಲ್ಲಿ ಕರ್ನಾಲಿಗೆ ಹೋಯಿತು. ಆಡುಗೋಡಿಯ ಶಾಖೆ ಇಂದಿಗೂ ಇದೆ.