ಒಂದು ದಿನದ ಅಳತೆ ಸಾಲದು

ಮಿನಿ ಪ್ರಾಜೆಕ್ಟ್‌ಗೆಂದು ನೀರಿನ ಉಪ್ಪಿನಂಶ ಅಳೆಯುವ ಸೆನ್ಸರ್ ಜೋಡಿಸಿಕೊಂಡು ನಾವು ನಾಲ್ವರು ಕುಮಟಾ ಬಳಿಯ ಅಘನಾಶಿನಿ ಅಳಿವೆಗೆ ಹೋಗಿದ್ದೆವು. ಬೆಳಿಗ್ಗೆ ತೋರಿಸಿದ ಅಂಕಿ ಮಧ್ಯಾಹ್ನ ಎರಡು ಪಟ್ಟಾಯಿತು. ಸೆನ್ಸರ್ ಕೆಟ್ಟಿದೆ ಎಂದು ವೈರ್ ಬಿಚ್ಚತೊಡಗಿದೆವು. ದಡದಲ್ಲಿ ಬಳಚು ತೊಳೆಯುತ್ತಿದ್ದ ಅಜ್ಜಿ ನಕ್ಕರು: ‘ತಮಾ, ಮಷಿನ್ ಸರಿ ಇದೆ. ಬೆಳಿಗ್ಗೆ ಇಳಿತ, ಈಗ ಭರತ. ಮಳೆಗಾಲದಲ್ಲಿ ಬಂದು ನೋಡು, ಉಪ್ಪೇ ಸಿಗೂದಿಲ್ಲ.’

ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಹೊಳೆ ನೀರಿನಲ್ಲಿ ಇಲ್ಲವೆನ್ನುವಷ್ಟು. ಎರಡೂ ಬೆರೆಯುವ ಅಳಿವೆಯಲ್ಲಿ ಲೆಕ್ಕ ಗಂಟೆಗಂಟೆಗೂ ಬದಲಾಗುತ್ತದೆ. ಹೀಗಿರುವಾಗ ಒಂದೇ ಬಾಟಲಿ ಸ್ಯಾಂಪಲ್ ನೋಡಿ ‘ನೀರು ಚೆನ್ನಾಗಿದೆ’ ಎಂದು ವರದಿ ಬರೆದರೆ ಅದಕ್ಕೇನು ಅರ್ಥ?

ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ 1984ರಿಂದ ನೀರನ್ನು ಬಿಡದೆ ಅಳೆಯುತ್ತಿದ್ದಾರೆ. ಅಷ್ಟು ವರ್ಷಗಳ ಅಂಕಿ ಎದುರಿಗಿದ್ದರೆ ಮಾತ್ರ ಮಳೆಯಿಂದಾದ ಬದಲಾವಣೆ ಯಾವುದು, ಹೊಲದ ಗೊಬ್ಬರ, ಊರಿನ ಕೊಳಚೆಯಿಂದಾದದ್ದು ಯಾವುದು ಎಂದು ಬೇರ್ಪಡಿಸಬಹುದು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದೆ. ಅದನ್ನು ಉಳಿಸಲು ಇಂಥ ಲೆಕ್ಕವೂ ಬೇಕು.

ವೈವಾ ಮುಗಿದರೆ ಪ್ರಾಜೆಕ್ಟ್‌ಗಳು ಲ್ಯಾಬಿನ ಕಪಾಟು ಸೇರುತ್ತವೆ. ನಮ್ಮ ಸೆನ್ಸರ್ ಅನ್ನು ಜೂನಿಯರ್‌ಗಳಿಗೆ ಕೊಡಲಿದ್ದೇವೆ, ಅಂಕಿ ಬರೆದ ನೋಟ್‌ಬುಕ್ ಸಮೇತ. ಅದರಲ್ಲಿ ದಿನಾಂಕದ ಪಕ್ಕ ಒಂದು ಕಾಲಂ ಹೆಚ್ಚಾಗಿದೆ: ಭರತವೋ, ಇಳಿತವೋ?